ಉರಿದುಹೋದ ಉಪಗ್ರಹದ ಬೂದಿ ಯಾರ ಲೆಕ್ಕಕ್ಕೆ?

2022ರ ಏಪ್ರಿಲ್ 2, ಯುಗಾದಿ ಹಬ್ಬದ ಸಂಜೆ. ಮಹಾರಾಷ್ಟ್ರ, ಮಧ್ಯಪ್ರದೇಶದ ಆಕಾಶದಲ್ಲಿ ಬೆಂಕಿಯ ಸಾಲೊಂದು ನಿಧಾನವಾಗಿ ಹಾದುಹೋಯಿತು. ಜನ ಮೊಬೈಲ್ ಎತ್ತಿ ವಿಡಿಯೋ ಮಾಡಿದರು, 'ಉಲ್ಕಾಪಾತ' ಅಂತ ಹೆಸರಿಟ್ಟು ಹಂಚಿದರು. ಅದೇ ರಾತ್ರಿ ಚಂದ್ರಾಪುರ ಜಿಲ್ಲೆಯ ಲಾಡಬೋರಿ ಎಂಬ ಹಳ್ಳಿಯಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆಯೊಂದು ಬಿದ್ದಿತ್ತು. ಉಲ್ಕೆಗಳು ಬಳೆ ತೊಟ್ಟು ಬರೋದಿಲ್ಲ. ಅದು ಹಿಂದಿನ ವರ್ಷ ಚೀನಾ ಹಾರಿಸಿದ್ದ ಚಾಂಗ್ ಝೆಂಗ್ 3ಬಿ ರಾಕೆಟ್‌ನ ಮೇಲಿನ ಹಂತ ಎಂದು ರಾಕೆಟ್‌ಗಳ ಜಾಡು ಹಿಡಿಯುವ ತಜ್ಞರು ಗುರುತಿಸಿದರು.

ನೆಲಕ್ಕೆ ಬಿದ್ದ ಬಳೆ ಸುದ್ದಿಯಾಯಿತು. ಅದರ ಸುತ್ತ ಪೊಲೀಸರು ನಿಂತರು, ಪತ್ರಿಕೆಗಳು ಫೋಟೋ ಹಾಕಿದವು, ಚೀನಾದ ಬೇಜವಾಬ್ದಾರಿ ಬಗ್ಗೆ ಎರಡು ದಿನ ಚರ್ಚೆಯೂ ಆಯಿತು. ಬೀಳದೇ ಹೋದ ಭಾಗ ಎಲ್ಲಿ ಹೋಯಿತು ಅಂತ ಮಾತ್ರ ಯಾರೂ ಕೇಳಲಿಲ್ಲ. 'ಉರಿದುಹೋಯಿತು' ಅಂದರೆ ಇಲ್ಲವಾಯಿತು ಅಂತಲೇ ನಾವೆಲ್ಲ ಅಂದುಕೊಂಡಿದ್ದೇವೆ. ಬೆಳ್ಳಂಬೆಳಗ್ಗೆ ಕಸದ ರಾಶಿಗೆ ಬೆಂಕಿ ಇಡುವ ನಮ್ಮ ಬೀದಿಗಳಲ್ಲೂ ಅದೇ ನಂಬಿಕೆ ತಾನೇ? ಲೋಹ ಎಲ್ಲೂ ಇಲ್ಲವಾಗುವುದಿಲ್ಲ. ನೆಲದಿಂದ 60–80 ಕಿ.ಮೀ. ಮೇಲೆ ಆವಿಯಾಗಿ, ಕಣ್ಣಿಗೆ ಕಾಣದ ಕಣಗಳಾಗಿ, ವರ್ಷಗಟ್ಟಲೆ ಕೆಳಗಿಳಿಯುತ್ತಾ ಇರುತ್ತದೆ.

ಈ ಪ್ರಶ್ನೆ ಎತ್ತಿದಾಗಲೆಲ್ಲ ಒಂದು ಉತ್ತರ ಸಿದ್ಧವಾಗಿರುತ್ತದೆ: "ಅಯ್ಯೋ ಬಿಡಿ, ದಿನಾ ಬಾಹ್ಯಾಕಾಶದಿಂದ ಟನ್‌ಗಟ್ಟಲೆ ಧೂಳು ಭೂಮಿಗೆ ಬೀಳುತ್ತೆ. ಅದರ ಮುಂದೆ ನಮ್ಮ ಉಪಗ್ರಹಗಳು ಯಾವ ಲೆಕ್ಕ?" ಕೇಳಲು ಸಮಂಜಸವಾಗಿಯೇ ಇದೆ. ಹಾಗಿದ್ದರೆ ಆ ಲೆಕ್ಕವನ್ನೇ ತೆಗೆದು ನೋಡೋಣ.

ಧೂಳು ಬೀಳುವುದಂತೂ ನಿಜ. ಧೂಮಕೇತುಗಳು ಸೂರ್ಯನ ಹತ್ತಿರ ಬಂದಾಗ ಅವುಗಳ ಹಿಮ ಆವಿಯಾಗಿ, ಅದರೊಳಗಿನ ಧೂಳು ದಾರಿಯುದ್ದಕ್ಕೂ ಚೆಲ್ಲುತ್ತದೆ. ಆ ದಾರಿಯನ್ನು ಭೂಮಿ ಪ್ರತಿ ವರ್ಷ ಒಂದೇ ದಿನಾಂಕದ ಆಸುಪಾಸಿನಲ್ಲಿ ಹಾಯುತ್ತದೆ. ಆಗಸ್ಟ್‌ನಲ್ಲಿ ಪರ್ಸಿಡ್, ನವೆಂಬರ್‌ನಲ್ಲಿ ಲಿಯೋನಿಡ್, ಡಿಸೆಂಬರ್‌ನಲ್ಲಿ ಜೆಮಿನಿಡ್ ಎಂಬ ಉಲ್ಕಾವೃಷ್ಟಿಗಳು ಕಾಣುವುದು ಇದಕ್ಕೇ. (ಜೆಮಿನಿಡ್‌ನ ಮೂಲ ಧೂಮಕೇತುವಲ್ಲ, 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕಲ್ಲಿನಂಥ ಕಾಯ. ಅಷ್ಟೊಂದು ಧೂಳನ್ನು ಅದು ಹೇಗೆ ಚೆಲ್ಲಿತು ಎಂಬುದು ಇವತ್ತಿಗೂ ಜಗಳದ ವಿಷಯ.) 1833ರ ನವೆಂಬರ್‌ನಲ್ಲಿ ಅಮೆರಿಕದ ಮೇಲೆ ಲಿಯೋನಿಡ್‌ಗಳು ಮಳೆಯಂತೆ ಸುರಿದಾಗ ಪ್ರಳಯವೇ ಬಂತು ಅಂತ ಜನ ಬೀದಿಗೆ ಬಂದಿದ್ದರು. ಎಲ್ಲ ಗೆರೆಗಳೂ ಸಿಂಹರಾಶಿಯ ಒಂದೇ ಬಿಂದುವಿನಿಂದ ಹೊರಟಂತೆ ಕಾಣುತ್ತಿವೆ ಎಂಬುದನ್ನು ಡೆನಿಸನ್ ಓಲ್ಮ್‌ಸ್ಟೆಡ್ ಎಂಬ ಪ್ರೊಫೆಸರ್ ಗಮನಿಸಿದರು. ಅಂದರೆ ಇವು ಹೊರಗಿನಿಂದ, ಒಂದೇ ದಿಕ್ಕಿನಿಂದ ಬರುತ್ತಿವೆ. 1866ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿ ಪರ್ಸಿಡ್‌ಗಳ ಕಕ್ಷೆಯೂ ಸ್ವಿಫ್ಟ್–ಟಟಲ್ ಧೂಮಕೇತುವಿನ ಕಕ್ಷೆಯೂ ಒಂದೇ ಅಂತ ತೋರಿಸಿದರು.

ಅಲ್ಲಿಂದ 1999ಕ್ಕೆ ಬಂದರೆ, ಡೇವಿಡ್ ಆಶರ್ ಮತ್ತು ರಾಬರ್ಟ್ ಮೆಕ್‌ನಾಟ್ ಎಂಬಿಬ್ಬರು ಧೂಮಕೇತು ಒಂದೊಂದು ಸುತ್ತಿನಲ್ಲಿ ಬಿಟ್ಟುಹೋದ ಧೂಳಿನ ಎಳೆಗಳನ್ನು ಬೇರೆಬೇರೆಯಾಗಿ ಲೆಕ್ಕಹಾಕಿ, ಆ ವರ್ಷದ ಲಿಯೋನಿಡ್ ಬಿರುಸನ್ನು ಕೆಲವೇ ನಿಮಿಷಗಳ ವ್ಯತ್ಯಾಸದಲ್ಲಿ ಮೊದಲೇ ಹೇಳಿಬಿಟ್ಟರು. ಇದರಲ್ಲಿ ದುಡ್ಡಿನ ಪ್ರಶ್ನೆಯೂ ಇತ್ತು. 1993ರ ಪರ್ಸಿಡ್ ರಾತ್ರಿಯಲ್ಲಿ ಯುರೋಪಿನ ಒಲಿಂಪಸ್ ಉಪಗ್ರಹ ಹಿಡಿತ ತಪ್ಪಿ, ಕೊನೆಗೆ ಕೆಲಸಕ್ಕೇ ಬಾರದಂತಾಗಿತ್ತು. ಧೂಳಿನ ಕಣವೊಂದು ಹೊಡೆದದ್ದೇ ಕಾರಣವಿರಬೇಕು ಎಂಬ ಅನುಮಾನ ಈಗಲೂ ಇದೆ. ಅಂದರೆ ಉಪಗ್ರಹಕ್ಕೆ ಧೂಳಿನಿಂದ ಏನಾಗುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಲು ಹಣ, ತಲೆ ಎರಡೂ ಸಿಕ್ಕವು. ಉಪಗ್ರಹವೇ ಧೂಳಾದರೆ ಏನಾಗುತ್ತದೆ ಎಂಬ ಪ್ರಶ್ನೆ ತುಂಬಾ ತಡವಾಗಿ ಬಂತು.

ಆದರೆ ಕಣ್ಣಿಗೆ ಕಾಣುವ ಉಲ್ಕಾವೃಷ್ಟಿ ಒಟ್ಟು ಧೂಳಿನ ಸಣ್ಣ ಪಾಲು. ಬಹುಪಾಲು ಬರುವುದು ಯಾವ ವೃಷ್ಟಿಗೂ ಸೇರದ, ಮಿಲಿಮೀಟರ್‌ಗಿಂತ ಚಿಕ್ಕ ಕಣಗಳ ರೂಪದಲ್ಲಿ, ವರ್ಷವಿಡೀ, ಸದ್ದಿಲ್ಲದೆ. ಅದು ದಿನಕ್ಕೆಷ್ಟು? ಇಲ್ಲಿಗೆ ಬಂದಾಗ ವಿಜ್ಞಾನಿಗಳು ಸ್ವಲ್ಪ ಕೆಮ್ಮುತ್ತಾರೆ. ಬ್ರಿಟನ್ನಿನ ಜಾನ್ ಪ್ಲೇನ್ 2012ರಲ್ಲಿ ಅಲ್ಲಿಯವರೆಗಿನ ಅಂದಾಜುಗಳನ್ನೆಲ್ಲ ಒಟ್ಟುಹಾಕಿದಾಗ ಸಿಕ್ಕ ಉತ್ತರ: ದಿನಕ್ಕೆ 5 ಟನ್‌ನಿಂದ ಹಿಡಿದು ಸುಮಾರು 270 ಟನ್‌ವರೆಗೆ.

ಇಂಜಿನಿಯರಿಂಗ್ ಲ್ಯಾಬಿನಲ್ಲಿ ನಾನು ಇಂಥದ್ದೊಂದು ರೀಡಿಂಗ್ ಬರೆದುಕೊಂಡು ಹೋಗಿದ್ದರೆ ರೆಕಾರ್ಡ್ ಪುಸ್ತಕ ಮುಖಕ್ಕೇ ವಾಪಸ್ ಬರುತ್ತಿತ್ತು. ಆದರೆ ಇದು ಅವರ ದಡ್ಡತನವಲ್ಲ. ರೇಡಾರ್‌ಗೆ ಒಂದು ಗಾತ್ರದ ಕಣ ಕಾಣುತ್ತೆ, ಉಪಗ್ರಹದ ತಗಡಿಗೆ ಬೀಳುವ ಗುಳಿಗಳಿಂದ ಇನ್ನೊಂದು ಗಾತ್ರ ಗೊತ್ತಾಗುತ್ತೆ, ಧ್ರುವದ ಹಿಮದಲ್ಲಿ ಉಳಿದ ಕಣ ಮತ್ತೊಂದು ಕಥೆ ಹೇಳುತ್ತೆ. ಬಸ್ಸಿನಷ್ಟು ದೊಡ್ಡ ಎಲ್‌ಡಿಇಎಫ್ ಎಂಬ ಉಪಗ್ರಹವನ್ನು ನಾಸಾ 1984ರಲ್ಲಿ ಮೇಲೆ ಬಿಟ್ಟು 1990ರಲ್ಲಿ ವಾಪಸ್ ತಂದಿತು. ಅದರ ಮೈಮೇಲಿನ ಗುಳಿಗಳನ್ನು ಎಣಿಸಿ ಬಂದ ಉತ್ತರ ವರ್ಷಕ್ಕೆ 40,000 ಟನ್, ಹೆಚ್ಚುಕಡಿಮೆ 20,000. ಅಂಟಾರ್ಕ್ಟಿಕಾದ ಹಿಮ ಕರಗಿಸಿ ಸೋಸಿದ ಫ್ರೆಂಚ್ ತಂಡ 2021ರಲ್ಲಿ, ಉರಿಯದೆ ನೆಲ ಮುಟ್ಟುವುದೇ ವರ್ಷಕ್ಕೆ 5,200 ಟನ್ ಎಂದಿತು. ಇತ್ತೀಚಿನ ಮಾದರಿಗಳು ಒಟ್ಟು ಧೂಳನ್ನು ದಿನಕ್ಕೆ 28 ಟನ್ ಆಸುಪಾಸಿಗೆ ತಂದು ನಿಲ್ಲಿಸಿವೆ.

ಈಗ ರಾಜಕೀಯಕ್ಕೆ ಬರುತ್ತೇನೆ. 'ನಮ್ಮ ಕಸ ಪ್ರಕೃತಿಯ ಧೂಳಿನ ಶೇಕಡಾ ಇಷ್ಟು ಮಾತ್ರ' ಎನ್ನುವುದು ಒಂದು ಭಿನ್ನರಾಶಿ. ಮೇಲೆ ಅಂಶ, ಕೆಳಗೆ ಛೇದ. ಕಂಪನಿಗಳ ಪರವಾಗಿ ವಾದಿಸುವವರು ಛೇದದಲ್ಲಿ ಯಾವ ಸಂಖ್ಯೆ ಇಡುತ್ತಾರೆ ಎಂಬುದರ ಮೇಲೆ ಉತ್ತರ ನಿಂತಿದೆ. 270 ಇಟ್ಟರೆ ಉಪಗ್ರಹಗಳು ಇರುವೆ. 28 ಇಟ್ಟರೆ ಹತ್ತು ಪಟ್ಟು ದೊಡ್ಡ ಇರುವೆ.

ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ತೂಕಕ್ಕೆ ತೂಕ ಹೋಲಿಸುವುದೇ ತಪ್ಪು. 2019ರ ಲೆಕ್ಕದಲ್ಲಿ, ಮನುಷ್ಯರು ವಾತಾವರಣಕ್ಕೆ ಮೇಲಿಂದ ಸುರಿದ ವಸ್ತು ಪ್ರಕೃತಿ ಸುರಿದದ್ದರ ಶೇ. 2.8 ಮಾತ್ರ ಎಂದು ಶುಲ್ಟ್ಸ್ ಮತ್ತು ಗ್ಲಾಸ್‌ಮೈಯರ್ ಎಂಬ ಜರ್ಮನ್ ವಿಜ್ಞಾನಿಗಳು ಅಂದಾಜಿಸಿದ್ದರು. ದೊಡ್ಡ ಉಪಗ್ರಹ ಜಾಲಗಳು ಪೂರ್ತಿಯಾದರೆ ಅದು ಶೇ. 40ರ ಹತ್ತಿರ ಹೋಗಬಹುದು ಎಂದೂ ಅವರೇ ಹೇಳಿದ್ದರು. ಮೊದಲ ಸಂಖ್ಯೆಯನ್ನಷ್ಟೇ ಉಲ್ಲೇಖಿಸುವವರನ್ನು ನೋಡಿದ್ದೇನೆ. ಅದು ಬಿಡಿ, ಉಲ್ಕೆ ಮತ್ತು ಉಪಗ್ರಹ ಎರಡೂ ಒಂದೇ ವಸ್ತುವಿನಿಂದ ಆಗಿಲ್ಲ. ಬಾಹ್ಯಾಕಾಶದ ಧೂಳೆಂದರೆ ಮುಖ್ಯವಾಗಿ ಕಬ್ಬಿಣ, ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ. ಅದರಲ್ಲಿ ಅಲ್ಯೂಮಿನಿಯಂ ಇರುವುದು ಶೇಕಡಾ ಒಂದರಷ್ಟು. ಉಪಗ್ರಹದಲ್ಲಿ ಮೂರನೇ ಒಂದು ಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಅಲ್ಯೂಮಿನಿಯಂ.

ಒರಟಾಗಿ ಲೆಕ್ಕ ಹಾಕಿ. ದಿನಕ್ಕೆ 28 ಟನ್ ಅಂದರೆ ವರ್ಷಕ್ಕೆ ಹತ್ತು ಸಾವಿರ ಟನ್ ಧೂಳು. ಅದರಲ್ಲಿ ಅಲ್ಯೂಮಿನಿಯಂ ಸುಮಾರು 100 ಟನ್. ಸ್ಟಾರ್‌ಲಿಂಕ್‌ನ ಮೊದಲ ತಲೆಮಾರಿನ ಉಪಗ್ರಹ ಸುಮಾರು 260 ಕೆಜಿ, ಅದರಲ್ಲಿ ಅಲ್ಯೂಮಿನಿಯಂ ಒಂದು 80 ಕೆಜಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 1,200 ಇಂಥವು ಉರಿದರೆ ಇಡೀ ಸೌರವ್ಯೂಹ ಕಳಿಸುವಷ್ಟು ಅಲ್ಯೂಮಿನಿಯಂ ಅನ್ನು ಒಂದೇ ಕಂಪನಿ ಕಳಿಸಿದಂತೆ. ಆ ಕಂಪನಿಯ ಉಪಗ್ರಹದ ಆಯಸ್ಸು ಸುಮಾರು ಐದು ವರ್ಷ. ಕಕ್ಷೆಯಲ್ಲಿ ಈಗಾಗಲೇ ಎಂಟು ಸಾವಿರಕ್ಕೂ ಹೆಚ್ಚು ಇವೆ. ದಿನಕ್ಕೆ ಒಂದೋ ಎರಡೋ ಬಿದ್ದು ಉರಿಯುತ್ತಿವೆ ಎಂದು ಉಪಗ್ರಹಗಳ ಜಾತಕ ಬರೆಯುವ ಖಗೋಳಜ್ಞ ಜೊನಾಥನ್ ಮೆಕ್‌ಡೊವೆಲ್ 2025ರಲ್ಲಿ ಹೇಳಿದ್ದಾರೆ. ಸದ್ಯಕ್ಕೆ ಉರಿಯುತ್ತಿರುವುದು ಹೆಚ್ಚಾಗಿ ಹಳೆಯ, ಹಗುರ ತಲೆಮಾರು. ಹೊಸವು ಎರಡು–ಮೂರು ಪಟ್ಟು ಭಾರ.

ಇದು ಬರೀ ಕಾಗದದ ಲೆಕ್ಕವಲ್ಲ. 1970ರ ದಶಕದಲ್ಲಿ ಡೊನಾಲ್ಡ್ ಬ್ರೌನ್‌ಲೀ ಎಂಬ ವಿಜ್ಞಾನಿ ನಾಸಾದ ಯು–2 ವಿಮಾನಗಳಿಗೆ ಅಂಟು ಸವರಿದ ತಟ್ಟೆ ಕಟ್ಟಿ, 20 ಕಿ.ಮೀ. ಎತ್ತರದಲ್ಲಿ ಅಂತರಗ್ರಹ ಧೂಳನ್ನು ಹಿಡಿದಿದ್ದರು. ಹೌದು, ಶೀತಲ ಸಮರದ ಆ ಗೂಢಚಾರ ವಿಮಾನವೇ. ಅರ್ಧ ಶತಮಾನ ಕಳೆದು ಅಂಥದ್ದೇ ಎತ್ತರದಲ್ಲಿ ಅಮೆರಿಕದ ವಿಜ್ಞಾನಿಗಳು ಮತ್ತೆ ಕಣಗಳನ್ನು ಒಂದೊಂದಾಗಿ ಅಳೆದರು. 2023ರಲ್ಲಿ ಡೇನಿಯಲ್ ಮರ್ಫಿ ಮತ್ತವರ ತಂಡ ಪ್ರಕಟಿಸಿದ ಫಲಿತಾಂಶ ಹೀಗಿದೆ: ಸ್ಟ್ರ್ಯಾಟೋಸ್ಫಿಯರ್‌ನ ಗಂಧಕಾಮ್ಲದ ಕಣಗಳಲ್ಲಿ, ತೀರಾ ಚಿಕ್ಕವನ್ನು ಬಿಟ್ಟರೆ, ಶೇ. 10ರಷ್ಟರಲ್ಲಿ ಉಪಗ್ರಹ, ರಾಕೆಟ್‌ಗಳಿಂದ ಬಂದ ಲೋಹ ಇದೆ. ಲಿಥಿಯಂ, ಅಲ್ಯೂಮಿನಿಯಂ, ತಾಮ್ರ, ಸೀಸ, ಈ ನಾಲ್ಕರಲ್ಲಿ ಮನುಷ್ಯರ ಪಾಲು ಆಗಲೇ ಬಾಹ್ಯಾಕಾಶ ಧೂಳಿನ ಪಾಲನ್ನು ಮೀರಿದೆ. ನಿಯೋಬಿಯಂ, ಹಾಫ್ನಿಯಂ ಕೂಡ ಸಿಕ್ಕವು. ಇವು ರಾಕೆಟ್ ನಾಝಲ್‌ಗಳ ಮಿಶ್ರಲೋಹ. ಧೂಮಕೇತು ಇವನ್ನು ಇಷ್ಟು ಪ್ರಮಾಣದಲ್ಲಿ ತರುವುದಿಲ್ಲ. ಪ್ರಕೃತಿಯ ಧೂಳಿನಲ್ಲಿ ಯಾವುದು ಎಷ್ಟಿರುತ್ತೆ ಅಂತ ಉಲ್ಕಾ ವಿಜ್ಞಾನ ಮೊದಲೇ ಬರೆದಿಟ್ಟಿದ್ದರಿಂದಲೇ ಹೊರಗಿನವನು ಯಾರು ಅಂತ ಗೊತ್ತಾಯಿತು.

ಇನ್ನೂ ನೇರ ಸಾಕ್ಷಿ 2025ರ ಫೆಬ್ರವರಿಯದ್ದು. ಸ್ಪೇಸ್ ಎಕ್ಸ್‌ನ ಫಾಲ್ಕನ್ 9 ರಾಕೆಟ್‌ನ ಮೇಲಿನ ಹಂತವೊಂದು ಹಿಡಿತ ತಪ್ಪಿ ಯುರೋಪಿನ ಮೇಲೆ ಉರಿಯಿತು, ತುಂಡುಗಳು ಪೋಲೆಂಡ್‌ನಲ್ಲಿ ಬಿದ್ದವು. ಒಂದು ದಿನ ಕಳೆಯುವಷ್ಟರಲ್ಲಿ ಜರ್ಮನಿಯ ಕ್ಯೂಲುಂಗ್ಸ್‌ಬೋರ್ನ್‌ನ ವಿಜ್ಞಾನಿಗಳು ಲೇಸರ್ ಕಿರಣದಿಂದ ಸುಮಾರು 96 ಕಿ.ಮೀ. ಎತ್ತರದಲ್ಲಿ ಲಿಥಿಯಂ ಹತ್ತು ಪಟ್ಟು ಏರಿದ್ದನ್ನು ಅಳೆದರು.

ಸರಿ, ಲೋಹ ಇದೆ. ಅದರಿಂದ ಏನಾಗುತ್ತೆ? ಸದ್ಯಕ್ಕೆ ಯಾರೂ ಅನಾಹುತ ಸಾಬೀತು ಮಾಡಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಗೊತ್ತಿರುವ ಅಪಾಯ ಅಲ್ಯೂಮಿನಿಯಂ ಆಕ್ಸೈಡ್‌ನದು. ಅದರ ಮೇಲ್ಮೈಯಲ್ಲಿ ಕ್ಲೋರಿನ್ ಚುರುಕಾಗಿ ಓಝೋನ್ ತಿನ್ನಲು ಶುರುಮಾಡುತ್ತದೆ. ಆಕ್ಸೈಡ್ ಮಾತ್ರ ಖರ್ಚಾಗುವುದಿಲ್ಲ, ಅಲ್ಲೇ ಇದ್ದು ಅದೇ ಕೆಲಸ ಮತ್ತೆ ಮತ್ತೆ ಮಾಡಿಸುತ್ತಿರುತ್ತದೆ. 2024ರ ಒಂದು ಅಧ್ಯಯನದ ಪ್ರಕಾರ 250 ಕೆಜಿಯ ಉಪಗ್ರಹ ಉರಿದರೆ ಸುಮಾರು 30 ಕೆಜಿ ಇಂಥ ಕಣಗಳಾಗುತ್ತವೆ. ಅವು ಓಝೋನ್ ಪದರಕ್ಕೆ ಇಳಿಯಲು 30 ವರ್ಷದವರೆಗೂ ಹಿಡಿಯಬಹುದು. ಅಂದರೆ ಇವತ್ತು ಉರಿದದ್ದರ ಪರಿಣಾಮವನ್ನು ಅಳೆಯುವವರು ಈಗ ಅಂಗನವಾಡಿಯಲ್ಲಿದ್ದಾರೆ.

ಈ ಮಾತು ಎಲ್ಲೋ ಕೇಳಿದಂತಿದೆ ಅಲ್ವಾ? 1974ರಲ್ಲಿ ಮೊಲಿನಾ ಮತ್ತು ರೋಲೆಂಡ್, ಫ್ರಿಜ್ಜು–ಸ್ಪ್ರೇಗಳ ಸಿಎಫ್‌ಸಿ ಅನಿಲ ಓಝೋನ್ ಅನ್ನು ತಿನ್ನುತ್ತದೆ ಅಂದಾಗಲೂ ಇದೇ ಭಿನ್ನರಾಶಿ ಹೊರಬಂದಿತ್ತು. ಜ್ವಾಲಾಮುಖಿಗಳು ಅದಕ್ಕಿಂತ ಎಷ್ಟೋ ಪಾಲು ಕ್ಲೋರಿನ್ ಉಗುಳುತ್ತವೆ, ಮನುಷ್ಯರದ್ದು ಯಾವ ಲೆಕ್ಕ ಅಂತ. ಆದರೆ ಜ್ವಾಲಾಮುಖಿಯ ಕ್ಲೋರಿನ್ ಬಹುಪಾಲು ಮಳೆನೀರಿನಲ್ಲಿ ಕರಗಿ ಕೆಳಗೇ ಬಿದ್ದುಬಿಡುತ್ತದೆ, ಸಿಎಫ್‌ಸಿ ಕರಗದೆ ಮೇಲಕ್ಕೇರುತ್ತದೆ. ಒಟ್ಟು ತೂಕವಲ್ಲ, ಯಾವ ವಸ್ತು, ಯಾವ ಎತ್ತರದಲ್ಲಿ ಎಂಬುದು ಮುಖ್ಯವಾಗಿತ್ತು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ರಂಧ್ರ ಪತ್ತೆಯಾಗಿ, 1987ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ನಡುವೆ ಹೋದದ್ದು 13 ವರ್ಷ.

ಕಾನೂನು ಏನು ಹೇಳುತ್ತೆ ಅಂತ ಹುಡುಕಿದರೆ ನಗು ಬರುತ್ತದೆ. 1967ರ ಬಾಹ್ಯಾಕಾಶ ಒಪ್ಪಂದದ 9ನೇ ವಿಧಿ, ಭೂಮಿಯ ಆಚೆಯ ವಸ್ತುವನ್ನು ತಂದು ಇಲ್ಲಿನ ಪರಿಸರ ಕೆಡಿಸಬಾರದು ಎನ್ನುತ್ತದೆ. ಅಂದರೆ ಧೂಮಕೇತುವಿನ ಧೂಳನ್ನು ಹೊತ್ತುತಂದು ಸುರಿದರೆ ತಪ್ಪು. ಇಲ್ಲಿಂದಲೇ ಹೋದ ಅಲ್ಯೂಮಿನಿಯಂ ಅಲ್ಲಿ ಉರಿದು ಇಲ್ಲಿಗೇ ಇಳಿದರೆ? ಆ ಮಾತು ಅಲ್ಲಿಲ್ಲ. 1972ರ ಹೊಣೆಗಾರಿಕೆ ಒಪ್ಪಂದ ಲಾಡಬೋರಿಯಲ್ಲಿ ಬಿದ್ದಂಥ ಬಳೆಗೆ ಪರಿಹಾರ ಕೇಳಲು ಸರಿ, ಬೂದಿಗಲ್ಲ. ಅಮೆರಿಕದಲ್ಲಿ ಉಪಗ್ರಹಗಳಿಗೆ ಲೈಸೆನ್ಸ್ ಕೊಡುವ ಎಫ್‌ಸಿಸಿ, ಉಪಗ್ರಹ ಜಾಲಗಳನ್ನು ಪರಿಸರ ಪರಿಶೀಲನೆಯಿಂದ ಸಾರಾಸಗಟಾಗಿ ಹೊರಗಿಟ್ಟಿತ್ತು. ಇದು ಸರಿಯೇ ಅಂತ ಮರುಪರಿಶೀಲಿಸಿ ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ 2022ರಲ್ಲಿ ಹೇಳಬೇಕಾಯಿತು. ನಮ್ಮ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಣಿ ಇದೆ, ವಿಮಾನ ನಿಲ್ದಾಣ ಇದೆ, 20,000 ಚದರ ಮೀಟರ್ ದಾಟಿದ ಕಟ್ಟಡ ಇದೆ. ಆಕಾಶದಲ್ಲಿ ಉರಿಸುವುದು ಇಲ್ಲ.

2025ರ ಮಾರ್ಚ್‌ನಲ್ಲಿ ಏರ್‌ಟೆಲ್, ಜಿಯೋ ಎರಡೂ ಸ್ಪೇಸ್ ಎಕ್ಸ್ ಜೊತೆ ಕೈಜೋಡಿಸಿದಾಗ ನಾವೆಲ್ಲ ಜೋರಾಗಿಯೇ ಚರ್ಚಿಸಿದೆವು. ತರಂಗಾಂತರ ಹರಾಜೋ ಹಂಚಿಕೆಯೋ, ಮಸ್ಕ್‌ಗೆ ಗಡಿಭಾಗದ ಸಂಪರ್ಕ ಕೊಡಬಹುದೋ, ತಿಂಗಳ ಬಾಡಿಗೆ ಎಷ್ಟು? ಇವೆಲ್ಲ ಸರಿಯಾದ ಪ್ರಶ್ನೆಗಳೇ. ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬಂತು, ಜುಲೈನಲ್ಲಿ ಇನ್‌–ಸ್ಪೇಸ್ ಸಂಸ್ಥೆ 4,408 ಉಪಗ್ರಹಗಳ ಮೊದಲ ತಲೆಮಾರಿನ ಜಾಲಕ್ಕೆ ಐದು ವರ್ಷದ ಅನುಮತಿ ಕೊಟ್ಟಿತು. ಈ ಇಡೀ ಗದ್ದಲದಲ್ಲಿ ಬೂದಿಯ ಮಾತೆತ್ತಿದ ಒಬ್ಬ ಸಂಸದರನ್ನೂ ನಾನು ನೋಡಲಿಲ್ಲ. ಪತ್ರಕರ್ತರಾದ ನಾವೂ ಎತ್ತಲಿಲ್ಲ, ನನ್ನನ್ನೂ ಸೇರಿಸಿ.

ಹಾಗಂತ ಇಂಟರ್ನೆಟ್ಟೇ ಬೇಡ ಎನ್ನಲು ಬೆಂಗಳೂರಿನಲ್ಲಿ ಫೈಬರ್ ಹಾಕಿಸಿಕೊಂಡು ಕೂತ ನನಗೆ ಯಾವ ನೈತಿಕತೆಯೂ ಇಲ್ಲ. ಕೊರೋನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ್ದನ್ನು ನಾವು ಕಂಡಿದ್ದೇವೆ. ಅವರ ಊರಿಗೆ ಉಪಗ್ರಹದಿಂದ ನೆಟ್‌ವರ್ಕ್ ಬರುವುದಾದರೆ ಬರಲಿ. ಆದರೆ ಅದರ ಬೆಲೆ ರೀಚಾರ್ಜ್ ಮೊತ್ತ ಮಾತ್ರ ಎಂಬ ಸುಳ್ಳು ಬೇಡ. ಇನ್ನೊಂದು ಮಾತು, ಈ ಬೂದಿಯ ಬಹುದೊಡ್ಡ ಪಾಲು ಭಾರತದ್ದಲ್ಲ. ಹೆಚ್ಚು ಹಾರಿಸುವವರು, ಹೆಚ್ಚು ಉರಿಸುವವರು ಅಮೆರಿಕದ ಕಂಪನಿಗಳು, ಬೆನ್ನಿಗೆ ಚೀನಾ. ಗಾಳಿ ಮಾತ್ರ ಎಲ್ಲರದ್ದು. ಹವಾಮಾನ ಬದಲಾವಣೆಯಲ್ಲಿ ನಾವು ಕಂಡ ಅನ್ಯಾಯವೇ ಇಲ್ಲಿ ಇನ್ನೂ ಎಳೆಯದಾಗಿದೆ.

ಹಾಗೆ ನೋಡಿದರೆ ಇದನ್ನು ಕೇಳುವ ಯೋಗ್ಯತೆ ಇರುವ ದೇಶಗಳಲ್ಲಿ ನಮ್ಮದೂ ಒಂದು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ನಡೆದ ಅಂತಾರಾಷ್ಟ್ರೀಯ ಸಭೆಯಲ್ಲಿ ಇಸ್ರೋ, 2030ರೊಳಗೆ ಭಾರತದ ಸರ್ಕಾರಿ–ಖಾಸಗಿ ಯಾನಗಳೆಲ್ಲ ಕಕ್ಷೆಯಲ್ಲಿ ಕಸ ಬಿಡದಂತೆ ಮಾಡುತ್ತೇವೆ ಎಂದು ಘೋಷಿಸಿತು. ಒಳ್ಳೆಯ ಗುರಿ. ಕಕ್ಷೆಯಲ್ಲಿ ಸತ್ತು ಸುತ್ತುವ ಉಪಗ್ರಹ ಎಲ್ಲರಿಗೂ ಅಪಾಯ. ಆದರೆ ಆ ಕಸ ಮಾಯವಾಗುವ ದಾರಿ ಒಂದೇ, ವಾತಾವರಣಕ್ಕೆ ಇಳಿಸಿ ಉರಿಸುವುದು. ಬೆಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಂಡೂರಿಗೆ ಹೋದ ಕಸ ನಮ್ಮ ಬೀದಿಯಿಂದ ಮಾಯವಾಗಿತ್ತು, ಮಂಡೂರಿನವರ ಮೂಗಿನಿಂದ ಆಗಿರಲಿಲ್ಲ.

ಈ ಗೊಂದಲವೆಲ್ಲ ಒಂದು ಪುಟ್ಟ ಭಾರತೀಯ ಉಪಕರಣದ ಕಥೆಯಲ್ಲಿದೆ. 2024ರ ಜನವರಿ 1ರಂದು ಪಿಎಸ್‌ಎಲ್‌ವಿ–ಸಿ58 ಹಾರಿದಾಗ ಅದರ ಕೊನೆಯ ಹಂತವನ್ನೇ ಪ್ರಯೋಗದ ವೇದಿಕೆ ಮಾಡಿಕೊಂಡಿದ್ದರು. ಅದರ ಮೇಲೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮೂರು ಕೆಜಿಯ 'ಡೆಕ್ಸ್' ಕೂತಿತ್ತು. ಕೆಲಸ, ಅಂತರಗ್ರಹ ಧೂಳು ಬಡಿಯುವುದನ್ನು ಎಣಿಸುವುದು. ಸುಮಾರು 350 ಕಿ.ಮೀ. ಎತ್ತರದಲ್ಲಿ ಸರಾಸರಿ ಸಾವಿರ ಸೆಕೆಂಡಿಗೊಮ್ಮೆ, ಅಂದರೆ ಹದಿನೇಳು ನಿಮಿಷಕ್ಕೊಂದು ಕಣ ಬಡಿಯಿತು. ಇಂಥ ಎಣಿಕೆಗೆ ನಾವು ಮಾಡಿದ ಮೊದಲ ಉಪಕರಣ ಅದು. ಅದೇ ವರ್ಷದ ಮಾರ್ಚ್ 21ರಂದು ಆ ವೇದಿಕೆ ಯೋಜನೆಯಂತೆ ಇಳಿದು ಉತ್ತರ ಪೆಸಿಫಿಕ್ ಮೇಲೆ ಉರಿಯಿತು. ಈ ಯಾನ ಕಕ್ಷೆಯಲ್ಲಿ ಬಿಟ್ಟ ಕಸ ಹೆಚ್ಚುಕಡಿಮೆ ಸೊನ್ನೆ ಎಂದು ಇಸ್ರೋ ಹೆಮ್ಮೆಪಟ್ಟಿತು. ಆಕಾಶದ ಧೂಳನ್ನು ಎಣಿಸಲು ಹೋದದ್ದು ತಾನೇ ಆಕಾಶದ ಧೂಳಾಯಿತು. ಆ ಕೊನೆಯ ಹಂತದ ಲೋಹ ಎಷ್ಟು ಕೆಜಿ ಎಲ್ಲಿ ಸೇರಿತು ಎಂಬ ಸಾಲು ಯಾವ ಪತ್ರಿಕಾ ಪ್ರಕಟಣೆಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಅಳೆಯಲು ಬೇಕಾದ ಸಾಮಾನು ನಮ್ಮಲ್ಲಿ ಆಗಲೇ ಇದೆ. ತುಂಬಾದಲ್ಲಿ 2004ರಿಂದ ಉಲ್ಕಾ ರೇಡಾರ್ ಇದೆ. ತಿರುಪತಿ ಹತ್ತಿರದ ಗಾದಂಕಿಯ ವಾತಾವರಣ ಪ್ರಯೋಗಾಲಯದಲ್ಲಿ, ಉಲ್ಕೆಗಳು ಬಿಟ್ಟುಹೋದ ಸೋಡಿಯಂ ಪದರವನ್ನು ಲೇಸರ್‌ನಿಂದ ಅಳೆದಿದ್ದಾರೆ. ಜರ್ಮನರು ಲಿಥಿಯಂ ಹಿಡಿದದ್ದೂ ಇದೇ ಜಾತಿಯ ಉಪಕರಣದಿಂದ, ಲೇಸರ್‌ನ ಬಣ್ಣ ಮಾತ್ರ ಬೇರೆ. ಭೂಮಧ್ಯರೇಖೆಯ ಹತ್ತಿರದ ಇಂಥ ಅಳತೆ ಜಗತ್ತಿಗೇ ಬೇಕು. ಇದಕ್ಕೆ ಹೊಸ ಚಂದ್ರಯಾನದಷ್ಟು ದುಡ್ಡು ಬೇಕಿಲ್ಲ.

ಅಳತೆಗಿಂತ ಮೊದಲು ಆಗಬಹುದಾದ್ದು ಇನ್ನೂ ಸುಲಭ. ಭಾರತದಲ್ಲಿ ಸೇವೆ ಕೊಡಲು ಬರುವ ಯಾವುದೇ ಜಾಲ, ಅದು ಮಸ್ಕ್‌ನದಾಗಲಿ, ಒನ್‌ವೆಬ್‌ ಆಗಲಿ, ನಮ್ಮ ಬೆಂಗಳೂರಿನ ಪಿಕ್ಸೆಲ್‌ನಂಥ ಸಂಸ್ಥೆಯದ್ದೇ ಆಗಲಿ, ಉಪಗ್ರಹದಲ್ಲಿ ಯಾವ ಲೋಹ ಎಷ್ಟು ಕೆಜಿ ಇದೆ, ವರ್ಷಕ್ಕೆ ಎಷ್ಟು ಉರಿಯುತ್ತವೆ ಅಂತ ಬರೆದುಕೊಡಲಿ. ಇನ್‌–ಸ್ಪೇಸ್ ಅದನ್ನು ಸಾರ್ವಜನಿಕವಾಗಿ ಪ್ರಕಟಿಸಲಿ. ನಿಷೇಧ ಬೇಡ, ಮೊದಲು ಲೆಕ್ಕ. ಕ್ಯೋಟೋ ವಿಶ್ವವಿದ್ಯಾಲಯದವರು 2024ರಲ್ಲಿ ಮರದ ಪುಟ್ಟ ಉಪಗ್ರಹವೊಂದನ್ನೇ ಹಾರಿಸಿದರು, ಉರಿದರೆ ಲೋಹದ ಬೂದಿ ಆಗಬಾರದು ಅಂತ. ಅದು ಪರಿಹಾರವಾಗುತ್ತೋ ಇಲ್ಲವೋ ಬೇರೆ ಮಾತು, ಪ್ರಶ್ನೆ ಕೇಳಿಕೊಂಡರಲ್ಲ.

ಸ್ಟಾರ್‌ಲಿಂಕ್‌ಗೆ ಕೊಟ್ಟ ಐದು ವರ್ಷದ ಅನುಮತಿ 2030ರ ಜುಲೈಗೆ ಮುಗಿಯುತ್ತದೆ. ಇಸ್ರೋದ ಕಸರಹಿತ ಗುರಿಯ ವರ್ಷವೂ ಅದೇ. ನವೀಕರಣದ ಅರ್ಜಿ ಬಂದಾಗ ಅದರಲ್ಲಿ ಈ ಒಂದು ಕಾಲಂ ಇರಬೇಕೆಂದರೆ, ಪ್ರಶ್ನೆ ಸಂಸತ್ತಿಗೆ ಹೋಗಲು ಇರುವುದು ಇನ್ನು ಕೆಲವೇ ಅಧಿವೇಶನ. ನಿಮ್ಮ ಕ್ಷೇತ್ರದ ಸಂಸದರ ಇಮೇಲ್ ವಿಳಾಸ ಲೋಕಸಭೆಯ ವೆಬ್‌ಸೈಟಿನಲ್ಲಿದೆ.